ಡ್ರೋನ್ ಹಾರಿಸಿ ದುಡಿಯುವವರೇ, ನಾಲ್ಕು ಸಾವಿರಕ್ಕೆ ಹೂಂ ಅನ್ನೋ ಮುಂಚೆ ಇದನ್ನೊಮ್ಮೆ ಓದಿ

ಗಂಗಾವತಿ ಸುತ್ತಮುತ್ತ ಮದುವೆ, ಗೃಹಪ್ರವೇಶ, ಜಾತ್ರೆ ಅಂತ ಡ್ರೋನ್ ಹಾರಿಸುವ ಹುಡುಗರು ಈಗ ಓಣಿಗೊಬ್ಬರು. ನಾನೂ ಅವರಲ್ಲೊಬ್ಬ. ಹೊಸದಾಗಿ ಇಳಿಯುವವರು "ಅಣ್ಣಾ, ಎಷ್ಟು ರೇಟ್ ಹೇಳಲಿ?" ಅಂತ ಫೋನ್ ಮಾಡ್ತಾರೆ. ಪ್ರತಿಯೊಬ್ಬರಿಗೂ ಇದೇ ಕಥೆ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಹೋದ ಬೇಸಿಗೆಯಲ್ಲಿ ಕಾರಟಗಿ ಕಡೆಯ ಒಂದು ರೈಸ್ ಮಿಲ್ಲಿನವರು ಕರೆದರು. ಮಿಲ್ಲಿನ ಮೇಲಿಂದ ಎರಡು ನಿಮಿಷದ ವಿಡಿಯೋ ಬೇಕು, "ಅರ್ಧ ತಾಸಿನ ಕೆಲಸ" ಅಂದರು. 4,000 ಹೇಳಿದೆ. ಮುಂಗಡ 1,000 ಕೊಟ್ಟರು. ಬರವಣಿಗೆಯಲ್ಲಿ ಏನೂ ಇಲ್ಲ, ಎಲ್ಲಾ ಬಾಯಿಮಾತು. ಅರ್ಧ ತಾಸು ಎರಡು ದಿನ ಆಯಿತು. ಮೊದಲ ದಿನ ಬಿಸಿಲಿಗೆ ಬ್ಯಾಟರಿ ಕಾದು ಮೊಬೈಲ್‌ನಲ್ಲಿ ಕೆಂಪು ಎಚ್ಚರಿಕೆ ಬರತೊಡಗಿತು. ನೆರಳಲ್ಲಿಟ್ಟು, ಆರಿಸಿ, ಮತ್ತೆ ಹಾರಿಸಿ, ಮತ್ತೆ ಆರಿಸಿ. ಹೊಟ್ಟಿನ ಕರಿಬೂದಿ ಲೆನ್ಸ್ ಮೇಲೆ ಕೂತಿದ್ದು ರಾತ್ರಿ ಕಂಪ್ಯೂಟರಿನಲ್ಲಿ ನೋಡಿದಾಗಲೇ ಗೊತ್ತಾದದ್ದು. ಪೂರ್ತಿ ದಿನದ ಶೂಟಿಂಗ್ ಹಾಳು.

ಎರಡನೇ ದಿನ ಸಂಜೆ. ಬ್ಯಾಟರಿ ಶೇ. 28ಕ್ಕೆ ಬಂದಿತ್ತು. ಇಳಿಸಬೇಕು ಅಂತಿದ್ದೆ. ಸಾಹುಕಾರ್ರು ಪಕ್ಕದಲ್ಲೇ ನಿಂತಿದ್ದರು. "ಲೇ ತಮ್ಮಾ, ಹೊತ್ತು ಮುಳುಗೋದ್ರಾಗ ಲಾರಿ ಸಾಲು ಒಂದು ಹಿಡದ್ಬಿಡು. ನಾಳಿ ಮತ್ತ ಬರೋದು ತಪ್ತದ." ಮತ್ತೊಂದು ದಿನ ಬಂದರೆ ಬಿಡಿಗಾಸೂ ಹೆಚ್ಚು ಸಿಗೋದಿಲ್ಲ ಅಂತ ನನಗೂ ಗೊತ್ತಿತ್ತು. ಆಸೆಗಿಂತ ಆ ಲೆಕ್ಕಕ್ಕೇ ನಾನು ಸೋತೆ. ಕಳಿಸಿದೆ.

ತಗಡಿನ ಗೋದಾಮಿನ ಹಿಂದೆ ಹೋದದ್ದೇ ತಡ, ಸಿಗ್ನಲ್ ಕಡಿತ. ಸಿಗ್ನಲ್ ಹೋದರೆ ಡ್ರೋನ್ ತಾನಾಗಿಯೇ ಮೇಲೇರಿ, ಹೊರಟ ಜಾಗಕ್ಕೆ ನೆಟ್ಟಗೆ ವಾಪಸ್ ಬರುತ್ತದೆ. ಆದರೆ ಎಷ್ಟು ಎತ್ತರಕ್ಕೆ ಏರಬೇಕು ಅನ್ನೋದನ್ನ ಸೆಟ್ ಮಾಡಬೇಕಾದವರು ನಾವು. ಮದುವೆ ಮನೆಗಳಿಗೆ ಅಂತ 25 ಮೀಟರಿಗೆ ಇಟ್ಟಿದ್ದೆ, ಬದಲಿಸಲು ಮರೆತಿದ್ದೆ. ಮಿಲ್ಲಿನ ಬಾಯ್ಲರ್ ಚಿಮಣಿ ಅದಕ್ಕಿಂತ ಎತ್ತರ. ನನ್ನ ಯಂತ್ರಕ್ಕೆ ಕೆಳಗೆ ಮಾತ್ರ ಸೆನ್ಸರ್, ಮುಂದೆ ಕಣ್ಣಿಲ್ಲ. ಟಪ್ ಅಂತ ಒಂದು ಸದ್ದು, ಅಷ್ಟೇ.

ಯಂತ್ರ ಒಂದೇ ಹೋಗಿದ್ದರೆ ಈ ಬರಹ ಬರೀತಿರಲಿಲ್ಲ. ಕೆಳಗೆ ಲಾರಿಗೆ ಚೀಲ ಹೊರುತ್ತಿದ್ದ ಒಬ್ಬ ಹಮಾಲಣ್ಣನ ಭುಜದ ಮೇಲೆ ಅದು ಬಿತ್ತು. ಮುರಿದ ರೆಕ್ಕೆ ಸೀಳಿ ನಾಲ್ಕು ಹೊಲಿಗೆ. ಪುಣ್ಯಕ್ಕೆ ತಲೆಗೆ ಬೀಳಲಿಲ್ಲ. ಆಸ್ಪತ್ರೆಗೆ 2,800, ಅವರ ಮೂರು ದಿನದ ಕೂಲಿ 2,400, ಎರಡೂ ನಾನೇ ಕೊಟ್ಟೆ. ಕೊಡಬೇಕಾದದ್ದೇ. ಆ ಮನುಷ್ಯ ಮಾತ್ರ "ಇರ್ಲಿ ಬಿಡೋ ಮಗಾ, ಬೇಕಂತ ಕೆಡವಿಲ್ಲಲ್ಲ" ಅಂದರು. ಆ ಮಾತು ಹೊಲಿಗೆಗಿಂತ ಹೆಚ್ಚು ಚುಚ್ಚಿತು.

ಬಾಕಿ 3,000 ಕೇಳಲು ಹೋದೆ. ಲೆಕ್ಕಪತ್ರ ನೋಡುವ ಹುಡುಗ ಎದುರಿಗೆ ಕೂತು, "ಲೈಸೆನ್ಸ್ ಐತೇನ್ರೀ ನಿಮ್ಮ ಹತ್ರ?" ಅಂದ. 250 ಗ್ರಾಂ ಒಳಗಿನದು, ಅದಕ್ಕೆ ಬೇಕಾಗಿಲ್ಲ ಅಂದೆ. ಅವನು ಮುರಿದ ಯಂತ್ರವನ್ನೇ ತಕ್ಕಡಿಯಲ್ಲಿಟ್ಟ. 330 ದಾಟಿತು! ಜನರಿಗೆ ತಾಗದಿರಲಿ ಅಂತ ರೆಕ್ಕೆ ಸುತ್ತ ಹಾಕಿದ್ದ ಪ್ಲಾಸ್ಟಿಕ್ ಗಾರ್ಡ್ ಸೇರಿ ಆದ ತೂಕ ಅದು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಪೈಲಟ್ ಪ್ರಮಾಣಪತ್ರ ಬೇಡ. ಅದನ್ನು ದಾಟಿ 2 ಕಿಲೋವರೆಗೆ ಮೈಕ್ರೊ. ಮೈಕ್ರೊವನ್ನು ದುಡ್ಡಿಗೆ ಹಾರಿಸಿದರೆ ಪ್ರಮಾಣಪತ್ರವೂ ಬೇಕು, ಥರ್ಡ್ ಪಾರ್ಟಿ ವಿಮೆಯೂ ಬೇಕು. ಸುರಕ್ಷತೆಗೆ ಅಂತ ಹಾಕಿದ್ದೇ ನನ್ನನ್ನು ನಿಯಮದ ಆಚೆ ತಳ್ಳಿತ್ತು. ಗಾರ್ಡ್ ಗಾಳಿಗೆ ಅಡ್ಡ ನಿಂತು ಬ್ಯಾಟರಿಯನ್ನೂ ಬೇಗ ಕುಡಿಯುತ್ತದೆ, ಅದು ಬೇರೆ ಮಾತು. ಬಾಕಿ ಕೇಳದೇ ಎದ್ದು ಬಂದೆ.

ವಿಮೆ ಯಾಕೆ ಮಾಡಿಸಿರಲಿಲ್ಲ ಅಂತ ಕೇಳ್ತೀರಿ. ಏಜೆಂಟರನ್ನು ಕೇಳಿದ್ದೆ. ಅವರು ಮೊದಲು ಕೇಳಿದ್ದೇ ಯುಐಎನ್, ಅಂದರೆ ಡ್ರೋನಿನ ನೋಂದಣಿ ಸಂಖ್ಯೆ. ನನ್ನದು ಪರಿಚಯದವರೊಬ್ಬರ ಹತ್ತಿರ ಕೊಂಡ ಸೆಕೆಂಡ್ ಹ್ಯಾಂಡ್, ಬಿಲ್ಲೂ ಇಲ್ಲ, ಹೆಸರು ಬದಲಾವಣೆಯೂ ಇಲ್ಲ. 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್ ಆಮದು ನಿಷೇಧ ಆದಮೇಲೆ ನಮ್ಮ ಕಡೆ ಕೈಬದಲಾಗುವ ಯಂತ್ರಗಳು ಬಹಳಷ್ಟು ಹೀಗೇ. ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯಬೇಡಿ, ಕಾಗದ ಕೇಳಿ.

ಈಗ ದರದ ಮಾತು. ಆಗ ಮದುವೆಗೆ 3,500 ತಗೊಳ್ತಿದ್ದೆ. ಆ ದರ ಎಲ್ಲಿಂದ ಬಂತು ಅಂದರೆ, ಪಕ್ಕದ ಸ್ಟುಡಿಯೋದವರು 4,000 ಅಂತಿದ್ದರು, ನಾನು 500 ಇಳಿಸಿದೆ. ಅಷ್ಟೇ ನನ್ನ ವ್ಯಾಪಾರಜ್ಞಾನ. ಯಂತ್ರ ಹೋದಮೇಲೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಯಂತ್ರಕ್ಕೆ 48,000, ಹೆಚ್ಚುವರಿ ಎರಡು ಬ್ಯಾಟರಿಗೆ 11,000. ಒಟ್ಟು 59,000. ನೂರು ಕೆಲಸ ಮಾಡೀತು ಅಂದುಕೊಂಡಿದ್ದೆ, 38ಕ್ಕೇ ಮುಗಿಯಿತು. ಅಂದರೆ ಪ್ರತಿ ಕೆಲಸದಲ್ಲೂ ಯಂತ್ರವೇ 1,550 ತಿಂದಿತ್ತು. ಜೊತೆಗೆ ಬರುವ ಹುಡುಗನಿಗೆ 500, ಪೆಟ್ರೋಲಿಗೆ 250. ಕೈಯಲ್ಲಿ ಉಳಿದದ್ದು 1,200. ಶೂಟಿಂಗ್ ಒಂದು ದಿನ, ಎಡಿಟಿಂಗ್ ಎರಡು ದಿನ. ದಿನಕ್ಕೆ 400! ನನ್ನ ಕೈಯಾರೆ ಗಾಯ ಮಾಡಿದ ಆ ಹಮಾಲಣ್ಣನ ಕೂಲಿ ದಿನಕ್ಕೆ 800.

ಈಗ ಬೇರೆ ಯಂತ್ರ ಇದೆ, ಬಿಲ್ಲು ಮತ್ತು ಯುಐಎನ್ ಸಮೇತ. ಗಂಟೆ ಲೆಕ್ಕ, ದಿನದ ಲೆಕ್ಕ ಬಿಟ್ಟಿದ್ದೇನೆ. ಮೂರು ಬ್ಯಾಟರಿಗೆ ಇಷ್ಟು, ನಾಲ್ಕನೆಯದಕ್ಕೆ ಬೇರೆ. ಇನ್ನೊಂದು ದಿನ ಬರಬೇಕಾದರೆ ಅದಕ್ಕೂ ದುಡ್ಡು. ಎಡಿಟ್ ಮಾಡದ ಫೈಲುಗಳೂ ಬೇಕು ಅಂದರೆ ಅದಕ್ಕೊಂದು ದರ. ಅರ್ಧ ಮುಂಗಡ. ಕೆಳಗೆ ಜನ ಇದ್ದರೆ ಹಾರಿಸಲ್ಲ, ಯಾವಾಗ ಇಳಿಸಬೇಕು ಅನ್ನೋದು ನನ್ನ ತೀರ್ಮಾನ. ಇಷ್ಟನ್ನೂ ವಾಟ್ಸಾಪಿನಲ್ಲಿ ಕಳಿಸಿ, ಅವರಿಂದ "ಒಪ್ಪಿಗೆ" ಅಂತ ಬಂದಮೇಲೇ ಬ್ಯಾಗು ಎತ್ತುತ್ತೇನೆ. ಹಂಪಿಯ ಗುಡಿಗಳ ಮೇಲೆ ಪ್ರಿವೆಡ್ಡಿಂಗ್ ಶಾಟ್ ಕೇಳುವವರು ವಾರಕ್ಕಿಬ್ಬರು ಇದ್ದೇ ಇರ್ತಾರೆ. ಪುರಾತತ್ವ ಇಲಾಖೆಯ ಅನುಮತಿ ತಂದರೆ ಬರ್ತೀನಿ ಅಂತೀನಿ, ಮತ್ತೆ ಫೋನೇ ಇಲ್ಲ. ತೋರಣಗಲ್ಲು ಕಡೆ ಕೆಲಸ ಬಂದರೆ ಅಲ್ಲಿನ ವಿಮಾನ ನಿಲ್ದಾಣದಿಂದ ಎಷ್ಟು ದೂರ ಅಂತ ನಕ್ಷೆ ನೋಡದೆ ದರವನ್ನೇ ಹೇಳಲ್ಲ. ಐದು ಕಿಲೋಮೀಟರ್ ಒಳಗಾದರೆ ಅದು ಕೆಂಪು ವಲಯ, ಅಂದರೆ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲದ ಜಾಗ.

ಹೀಗೆ ಕಟ್ಟುನಿಟ್ಟು ಮಾಡಿದ ಮೇಲೆ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆ ಆಗಿದ್ದಾರೆ. 3,500ಕ್ಕೆ ಹೋಗುವ ಹುಡುಗರು ಸಿಗುತ್ತಲೇ ಇದ್ದಾರಲ್ಲ. ಈ ಬರಹ ಅವರಿಗೇ.

ಅಂದಹಾಗೆ, ಮುರಿದ ಯಂತ್ರದೊಳಗೆ ಮೆಮೊರಿ ಕಾರ್ಡ್ ಸರಿಯಾಗಿಯೇ ಇತ್ತು. ಬಿದ್ದ ಸರದಿಯ ವಿಡಿಯೋ ಕೆಟ್ಟಿದೆ, ಅದಕ್ಕೂ ಮುಂಚಿನ ಸಂಜೆ ಬೆಳಕಿನ ಶಾಟ್‌ಗಳು ಚಂದ ಬಂದಿವೆ. ಸಾಹುಕಾರ್ರು ಎರಡು ಸಲ ಫೋನ್ ಮಾಡಿಸಿದರು. 3,000 ಬಂದ ದಿನ ಕೊಡ್ತೀನಿ ಅಂದಿದ್ದೇನೆ.