ವೆಬ್‌ಸೈಟ್‌ಗೆ ಯಾವ ಕಂಪನಿಯೋರು ಬಂದಿದ್ರು ಅಂತ ತೋರಿಸೋ ಟೂಲ್: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮದು ಪೀಣ್ಯದಲ್ಲಿ ಚಿಕ್ಕ ಫ್ಯಾಕ್ಟರಿ, ಹೈಡ್ರಾಲಿಕ್ ಫಿಟ್ಟಿಂಗ್ಸ್ ಮತ್ತೆ ಅಡಾಪ್ಟರ್ ಮಾಡ್ತೀವಿ, ಸೇಲ್ಸು ಮಾರ್ಕೆಟಿಂಗು ಎರಡೂ ನಾನೇ ನೋಡ್ಕೊಳ್ಳೋದು. ವೆಬ್‌ಸೈಟ್‌ಗೆ ಜನ ಬರ್ತಾರೆ, ಕ್ಯಾಟಲಾಗ್ ಇಳಿಸ್ಕೊಳ್ತಾರೆ, ಎನ್‌ಕ್ವೈರಿ ಫಾರ್ಮ್ ಮಾತ್ರ ತುಂಬಲ್ಲ, ಹಂಗೇ ಹೋಗ್ಬಿಡ್ತಾರೆ. ಅವ್ರು ಯಾವ ಕಂಪನಿಯೋರು ಅಂತನಾದ್ರೂ ಗೊತ್ತಾಗ್ಲಿ ಅಂತ 2023ರ ಜೂನ್‌ನಲ್ಲಿ ಒಂದು ವಿಸಿಟರ್ ಐಡೆಂಟಿಫಿಕೇಶನ್ ಟೂಲ್ ತಗೊಂಡ್ವಿ. ಟೂಲ್ ಹೆಸ್ರು ಇಲ್ಲಿ ಹಾಕ್ತಿಲ್ಲ, ಈ ಥರದ ಟೂಲ್‌ಗಳಲ್ಲಿ ಒಳಗಡೆ ನಡೆಯೋದು ಹೆಚ್ಚುಕಮ್ಮಿ ಒಂದೇ, ತಗೊಳ್ಳೋಕೆ ಮುಂಚೆ ತಿಳ್ಕೋಬೇಕಾಗಿರೋದೂ ಅದೇ.

ಕೆಲಸ ಹೆಂಗೆ ಮಾಡುತ್ತೆ ಅಂದ್ರೆ, ಪೇಜ್ ಓಪನ್ ಮಾಡಿದವ್ರ ಐಪಿ ಅಡ್ರೆಸ್ (ಅವ್ರ ಇಂಟರ್ನೆಟ್ ಕನೆಕ್ಷನ್‌ಗಿರೋ ನಂಬರ್) ತಗೊಂಡು ಅದು ಯಾರ ಹೆಸ್ರಲ್ಲಿ ರಿಜಿಸ್ಟರ್ ಆಗಿದೆ ಅಂತ ಹುಡುಕುತ್ತೆ. ದೊಡ್ಡ ಕಂಪನಿಗಳು ಲೀಸ್ಡ್ ಲೈನ್, ಅಂದ್ರೆ ಅವ್ರಿಗೇ ಮೀಸಲಾದ ಇಂಟರ್ನೆಟ್ ಲೈನ್ ಇಟ್ಕೊಂಡಿರ್ತಾವೆ, ಅವ್ರ ಹೆಸ್ರಲ್ಲೇ ಒಂದಷ್ಟು ಐಪಿ ನಂಬರ್ ಇರುತ್ತೆ, ಅಂಥವ್ರು ಬಂದ್ರೆ ಕಂಪನಿ ಹೆಸ್ರು ಕರೆಕ್ಟಾಗಿ ಬರುತ್ತೆ. ಮನೆ ಬ್ರಾಡ್‌ಬ್ಯಾಂಡ್‌ನಿಂದ ಬಂದವ್ರದ್ದು ಏರ್‌ಟೆಲ್, ಜಿಯೋ, ಆಕ್ಟ್ ಅಂತ ಬರುತ್ತೆ ಅಷ್ಟೇ. ಮೊಬೈಲ್ ಡೇಟಾ ಅಂದ್ರೆ ಒಂದೇ ಐಪಿ ಹಿಂದೆ ಎಷ್ಟೋ ಜನ ಇರ್ತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಡೆಮೋದಲ್ಲಿ ಇದನ್ನ ಯಾರೂ ಹೇಳಲಿಲ್ಲ. ಒಂದು ವಾರ ಕೂತು ಲಿಸ್ಟ್ ಪೂರ್ತಿ ನಾನೇ ನೋಡ್ದೆ, ಮುಕ್ಕಾಲು ಪಾಲು ಬರೀ ಇಂಟರ್ನೆಟ್ ಕೊಡೋರ ಹೆಸ್ರೇ ಇತ್ತು. ವೈಟ್‌ಫೀಲ್ಡ್ ಕಡೆ ಒಂದು ಕೋವರ್ಕಿಂಗ್ ಬಿಲ್ಡಿಂಗ್‌ನಿಂದ (ಬೇರೆ ಬೇರೆ ಕಂಪನಿಯೋರು ಹಂಚ್ಕೊಂಡು ಕೂರೋ ಆಫೀಸ್) ಯಾರೇ ನೋಡಿದ್ರೂ ಆ ಬಿಲ್ಡಿಂಗ್ ನಡೆಸೋ ಕಂಪನಿ ಹೆಸ್ರೇ ಬರ್ತಿತ್ತು, ಒಂದು ತಿಂಗಳು ಅವ್ರಿಗೆ ಯಾಕಪ್ಪಾ ಹೈಡ್ರಾಲಿಕ್ ಅಡಾಪ್ಟರ್ ಬೇಕು ಅಂತ ಯೋಚನೆ ಮಾಡ್ತಾನೇ ಇದ್ದೆ.

ಆದ್ರೂ ಉಳಿದ ಆ ಕಾಲು ಭಾಗ ಇದೆಯಲ್ಲ, ಅದು ನಿಜವಾಗ್ಲೂ ಉಪಯೋಗ. ಬೊಮ್ಮಸಂದ್ರದ ಒಂದು ಮೆಷಿನ್ ಬಿಲ್ಡರ್ ಕಡೆಯಿಂದ ನಾಲ್ಕು ದಿನ ಸತತವಾಗಿ ಒಂದೇ ಅಡಾಪ್ಟರ್‌ನ ಡ್ರಾಯಿಂಗ್ ಪಿಡಿಎಫ್ ಓಪನ್ ಆಯ್ತು. ನಾನು ಅವ್ರ ಬೋರ್ಡ್ ನಂಬರ್‌ಗೆ, ಅಂದ್ರೆ ಆಫೀಸಿನ ಮುಖ್ಯ ಫೋನ್ ನಂಬರ್‌ಗೆ ಫೋನ್ ಮಾಡಿ ಡಿಸೈನ್ ಸೆಕ್ಷನ್‌ಗೆ ಕೊಡಿ ಅಂದೆ, ಇಂಥಿಂಥ ಫಿಟ್ಟಿಂಗ್ಸ್ ಮಾಡ್ತೀವಿ, ಸ್ಯಾಂಪಲ್ ಬೇಕಾ ಅಂತ ಕೇಳ್ದೆ. ಮೂರು ವಾರದಲ್ಲಿ ಸ್ಯಾಂಪಲ್ ಹೋಯ್ತು, ಈಗ ಎರಡು ತಿಂಗಳಿಗೊಂದು ಸಲ ಆರ್ಡರ್ ಬರ್ತಿದೆ.

ತೊಂದ್ರೆ ಶುರುವಾಗಿದ್ದು 2024ರಲ್ಲಿ. ಟೂಲ್‌ನವ್ರು ಮೂರು ತಿಂಗಳು ಫ್ರೀ ಅಂತ ಹೊಸ ಪ್ಲಾನ್ ಆನ್ ಮಾಡಿ ಕೊಟ್ರು. ಅದ್ರಲ್ಲಿ ಕಂಪನಿ ಹೆಸ್ರಿನ ಪಕ್ಕದಲ್ಲೇ ಅಲ್ಲಿ ಪರ್ಚೇಸ್ ನೋಡ್ಕೊಳ್ಳೋರ ಹೆಸ್ರು, ಫೋಟೋ, ಮೊಬೈಲ್ ನಂಬರ್ ಎಲ್ಲಾ ಬರ್ತಿತ್ತು. ನಮ್ಮ ಸೇಲ್ಸ್ ಹುಡುಗ ಹೊಸೂರಿನ ಒಬ್ಬ ಪರ್ಚೇಸ್ ಮ್ಯಾನೇಜರ್‌ಗೆ ರಾತ್ರಿ ಎಂಟೂವರೆಗೆ ಫೋನ್ ಮಾಡಿ, ಸರ್ ನೀವು ನಿನ್ನೆ ನಮ್ಮ ವೆಬ್‌ಸೈಟ್ ನೋಡಿದ್ರಲ್ಲ ಅಂದಿದಾನೆ. ಅವ್ರು ಫೋನ್ ಇಟ್ಬಿಟ್ರು. ಮಾರನೇ ದಿನ ನಾನೇ ಫೋನ್ ಮಾಡಿ ಸಾರಿ ಕೇಳಿದ್ದಕ್ಕೆ ಅವ್ರು, "ಮೇಡಂ, ನಾನು ನಿಮ್ಮ ವೆಬ್‌ಸೈಟ್ ನೋಡೇ ಇಲ್ಲ. ಈ ನಂಬರ್ ಮನೆಯವ್ರಿಗೆ, ಮಗಳ ಸ್ಕೂಲ್‌ಗೆ ಬಿಟ್ರೆ ಯಾರಿಗೂ ಕೊಟ್ಟಿಲ್ಲ, ನಿಮಗೆ ಯಾರು ಕೊಟ್ರು ಹೇಳಿ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಟೂಲ್‌ನವ್ರನ್ನ ಕೇಳಿದ್ರೆ ಪಾರ್ಟ್‌ನರ್‌ಗಳಿಂದ ಬರೋ ಡೇಟಾ ಅಂತ ಒಂದೇ ಸಾಲು. ಅವತ್ತೇ ಆ ಪ್ಲಾನ್ ಆಫ್ ಮಾಡ್ಸಿದೆ. ಆ ಮನುಷ್ಯನ ದನಿ ಇನ್ನೂ ಕಿವೀಲಿದೆ, ಅವ್ರಿಗೆ ನಮ್ಮ ಮೇಲೆ ಸಿಟ್ಟಿಗಿಂತ ಭಯ ಜಾಸ್ತಿ ಆಗಿತ್ತು.

ಆಮೇಲೆ ಕಾನೂನು ಓದ್ತಾ ಕೂತೆ. ಟೂಲ್‌ನವ್ರ ಬ್ರೋಷರ್‌ನಲ್ಲಿ ಯುರೋಪಿನ ಡೇಟಾ ಕಾನೂನು ಜಿಡಿಪಿಆರ್ ಪ್ರಕಾರ ಒಪ್ಪಿಗೆ ಇಲ್ಲದೆ ಡೇಟಾ ಬಳಸೋಕೆ ಲೆಜಿಟಿಮೇಟ್ ಇಂಟ್ರೆಸ್ಟ್ (ನ್ಯಾಯವಾದ ಹಿತಾಸಕ್ತಿ) ಅಂತ ಒಂದು ಆಧಾರ ಇದೆ, ವ್ಯಾಪಾರಕ್ಕೆ ಬೇಕು ಅಂತ ತೋರಿಸಿದ್ರೆ ಸಾಕು ಅನ್ನೋ ಥರ ಇತ್ತು. ಯುರೋಪ್ ಕಾನೂನಲ್ಲಿ ಆ ಆಧಾರ ಇರೋದು ನಿಜ, ಆದ್ರೆ ಅಲ್ಲೂ ಆ ವ್ಯಕ್ತಿಯ ಹಕ್ಕು ಜೊತೆಗೆ ತೂಗಿ ನೋಡ್ಬೇಕು, ಕುಕ್ಕಿ (ಬಂದವ್ರ ಬ್ರೌಸರ್‌ನಲ್ಲಿ ಸೈಟ್ ಇಡೋ ಚಿಕ್ಕ ಫೈಲ್) ಹಾಕೋಕೆ ಒಪ್ಪಿಗೆ ಬೇರೆ ಬೇಕು. ನಮ್ಮ ದೇಶದ 2023ರ ಡಿಪಿಡಿಪಿ (ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್) ಕಾಯ್ದೆಯಲ್ಲಿ ಅಂಥ ಅಗಲವಾದ ಆಧಾರನೇ ಇಲ್ಲ, ಕಾಯ್ದೆಯಲ್ಲೇ ಹೆಸರಿಸಿರೋ ಕೆಲವು ಉಪಯೋಗ ಬಿಟ್ರೆ ಒಪ್ಪಿಗೆ ತಗೊಳ್ಳೇಬೇಕು. ಕಂಪನಿ ಹೆಸ್ರು ಪರ್ಸನಲ್ ಡೇಟಾ ಅಲ್ಲ, ಕಾಯ್ದೆ ಕಾಪಾಡೋದು ಮನುಷ್ಯರನ್ನ, ಆದ್ರೆ ಹೊಸೂರಿನವ್ರ ಮೊಬೈಲ್ ನಂಬರ್ ನೂರಕ್ಕೆ ನೂರು ಪರ್ಸನಲ್ ಡೇಟಾ. ಇನ್ನೊಂದು, ಟೂಲ್ ಬೇರೆಯವ್ರದ್ದಾದ್ರೂ ಯಾಕೆ, ಹೆಂಗೆ ಬಳಸ್ಬೇಕು ಅಂತ ತೀರ್ಮಾನ ಮಾಡೋರು ನಾವು, ಹಾಗಾಗಿ ಜವಾಬ್ದಾರಿನೂ ನಮ್ಮದೇ. ಡೇಟಾ ಸೇಫಾಗಿ ಇಟ್ಕೊಳ್ಳದೆ ಲೀಕ್ ಆದ್ರೆ ದಂಡ 250 ಕೋಟಿವರೆಗೂ ಹೋಗ್ಬಹುದು. ರೂಲ್ಸ್ 2025ರ ನವೆಂಬರ್‌ನಲ್ಲಿ ಬಂತು, ಮುಖ್ಯವಾದ ಭಾಗಗಳು ಜಾರಿ ಆಗೋಕೆ 18 ತಿಂಗಳು ಟೈಮ್ ಇದೆ, ಅಂದ್ರೆ 2027ರ ಮೇ.

ನಮ್ಮ ಯಜಮಾನ್ರು, ಅಷ್ಟು ಟೈಮ್ ಇದೆಯಲ್ಲಮ್ಮಾ, ಈಗ್ಲೇ ಯಾಕೆ ತಲೆ ಕೆಡಿಸ್ಕೋತೀಯ ಅಂದ್ರು. ನಾನು ಅವ್ರಿಗೆ ಪುಟ್ಟಸ್ವಾಮಿಯವ್ರ ಕೇಸ್ ಹೇಳ್ದೆ. ಪ್ರೈವೆಸಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ಜಡ್ಜ್‌ಗಳು 2017ರ ಆಗಸ್ಟ್ 24ರಂದೇ ಹೇಳಿದಾರೆ, ಆ ಅರ್ಜಿ ಹಾಕಿದ್ದು ಇದೇ ಬೆಂಗಳೂರಲ್ಲಿದ್ದ, ನಮ್ಮ ಹೈಕೋರ್ಟ್‌ನಿಂದ ರಿಟೈರ್ ಆಗಿದ್ದ ಜಸ್ಟಿಸ್ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಲ್ಲಿ ಅವ್ರು ಕೋರ್ಟ್ ಮೆಟ್ಟಿಲು ಹತ್ತಿದ್ರು ಅಂದ್ಮೇಲೆ ನಮ್ಮ ಸೈಟ್‌ನಲ್ಲಿ ನಾಲ್ಕು ಸೆಟ್ಟಿಂಗ್ ಬದಲಾಯ್ಸೋದು ಯಾವ ದೊಡ್ಡ ಕೆಲಸ.

ಅಷ್ಟೊತ್ತಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯ ಒಬ್ಬ ಕಸ್ಟಮರ್ ನಿಮ್ಮ ಟ್ರ್ಯಾಕಿಂಗ್ ಡೇಟಾ ಯಾವ ದೇಶದ ಸರ್ವರ್‌ನಲ್ಲಿದೆ, ಟೂಲ್‌ನವ್ರ ಜೊತೆ ಡೇಟಾ ಪ್ರೊಸೆಸಿಂಗ್ ಅಗ್ರಿಮೆಂಟ್ (ಡೇಟಾನ ಅವ್ರು ಹೆಂಗೆ ಬಳಸ್ಬೇಕು ಅನ್ನೋ ಒಪ್ಪಂದ) ಇದೆಯಾ ಅಂತ ಮೇಲ್ ಹಾಕಿದ್ರು. ಯುರೋಪ್‌ನಲ್ಲಿ 2016ರಲ್ಲೇ ಬ್ರೇಯರ್ ಕೇಸ್‌ನಲ್ಲಿ ಆಗಾಗ ಬದಲಾಗೋ ಐಪಿ ಅಡ್ರೆಸ್ ಕೂಡ ಪರ್ಸನಲ್ ಡೇಟಾ ಆಗ್ಬಹುದು ಅಂತ ತೀರ್ಪು ಬಂದಿದೆ. ನಮ್ಮ ವೆಬ್‌ಸೈಟ್ ಮಾಡ್ಕೊಡೋ ಹುಡುಗ ಯುರೋಪಿನಿಂದ ಬಂದವ್ರಿಗೆ ಮಾತ್ರ ಒಪ್ಪಿಗೆ ಕೇಳೋ ಹಾಗೆ ಮಾಡ್ತೀನಿ ಅಂದ. ನಾನು ಬೇಡ ಅಂದೆ. ಸ್ಟುಟ್‌ಗಾರ್ಟ್‌ನವ್ರಿಗೊಂದು ಮರ್ಯಾದೆ ಹೊಸೂರಿನವ್ರಿಗೊಂದು ಮರ್ಯಾದೆ ಯಾಕೆ?

ಈಗ ಯಾರೇ ಬಂದ್ರೂ ಒಪ್ಪಿಗೆ ಕೊಟ್ಟ ಮೇಲೇನೇ ಟೂಲ್‌ನ ಸ್ಕ್ರಿಪ್ಟ್ ಲೋಡ್ ಆಗೋದು. "ಸರಿ", "ಬೇಡ" ಎರಡು ಬಟನ್ನೂ ಒಂದೇ ಸೈಜು, ಒಂದೇ ಬಣ್ಣ. ಕಂಪನಿ ಹೆಸ್ರು ಹುಡುಕಿದ ತಕ್ಷಣ ಐಪಿಯ ಕೊನೇ ಭಾಗ ಅಳಿಸಿ ಹೋಗುತ್ತೆ, 90 ದಿನ ಆದ್ಮೇಲೆ ಉಳಿದಿದ್ದೂ ಹೋಗುತ್ತೆ. ಒಟ್ಟು ಎಷ್ಟು ಜನ ಬಂದ್ರು ಅಂತ ನೋಡೋಕೆ ನಮ್ಮ ಸರ್ವರ್‌ನಲ್ಲೇ ಮ್ಯಾಟೊಮೊ ಅನ್ನೋ ಸಾಫ್ಟ್‌ವೇರ್ ಹಾಕೊಂಡಿದೀವಿ, ಅದ್ರಲ್ಲೂ ಐಪಿ ಮಾಸ್ಕ್ ಮಾಡಿದೀವಿ. ಒಪ್ಪಿಗೆ ಕೇಳೋ ನೋಟಿಸ್ ಇಂಗ್ಲಿಷ್ ಜೊತೆ ಸಂವಿಧಾನದ ಎಂಟನೇ ಶೆಡ್ಯೂಲ್‌ನ 22 ಭಾಷೆಗಳಲ್ಲಿ ಓದೋ ಅವಕಾಶ ಇರಬೇಕು ಅಂತ ಕಾಯ್ದೆ ಹೇಳುತ್ತೆ, ನಾವು ಮೊದ್ಲು ಕನ್ನಡದ್ದೇ ಬರೆದ್ವಿ. ನಮ್ಮ ಸ್ಟೋರ್ಸ್‌ನವ್ರಿಗೆ ಓದೋಕೆ ಕೊಟ್ಟೆ, ಅವ್ರು ಓದಿ "ಅಂದ್ರೆ ನನ್ನ ಹೆಸ್ರು ಗೊತ್ತಾಗಲ್ಲ, ಫ್ಯಾಕ್ಟರಿ ಹೆಸ್ರು ಗೊತ್ತಾಗುತ್ತೆ, ಅಷ್ಟೇ ತಾನೇ" ಅಂದ್ರು. ಆ ಮಾತನ್ನೇ ನೋಟಿಸ್‌ನ ಮೊದಲ ಸಾಲು ಮಾಡಿದ್ವಿ.

ಲಿಸ್ಟ್ ಅರ್ಧಕ್ಕಿಂತ ಕಮ್ಮಿ ಆಯ್ತು, ಅದನ್ನ ಮುಚ್ಚಿಡಲ್ಲ. ಆದ್ರೆ ಒಪ್ಪಿಗೆ ಕೊಟ್ಟು ನೋಡೋ ಕಂಪನಿಗಳಿಗೆ ಫೋನ್ ಮಾಡಿದ್ರೆ ಮಾತಾಡ್ತಾರೆ, ಆರ್ಡರ್ ಅಂತೂ ಕಮ್ಮಿ ಆಗಿಲ್ಲ. ಫೋನ್ ಮಾಡೋದೂ ಈಗ ಕಂಪನಿ ಬೋರ್ಡ್ ನಂಬರ್‌ಗೆ, ಆಫೀಸ್ ಟೈಮಲ್ಲಿ ಮಾತ್ರ. ಹೆಂಗೆ ಗೊತ್ತಾಯ್ತು ಅಂತ ಯಾರಾದ್ರೂ ಕೇಳಿದ್ರೆ, ನಿಮ್ಮ ಕಂಪನಿ ನೆಟ್‌ವರ್ಕ್‌ನಿಂದ ಕ್ಯಾಟಲಾಗ್ ನೋಡಿದಾರೆ ಸರ್, ಯಾರು ಅಂತ ನಮಗೆ ಗೊತ್ತಿಲ್ಲ ಅಂತ ಇದ್ದಿದ್ದು ಇದ್ದಂಗೇ ಹೇಳ್ತೀವಿ.

ಕಂಪನಿ ಲೆವೆಲ್‌ಗೆ ಮಾತ್ರ ಬಳಸೋದಾದ್ರೆ ಐದಕ್ಕೆ ಮೂರೂವರೆ ಕೊಡ್ತೀನಿ, ಮೊಬೈಲ್ ನಂಬರ್ ಕೊಡೋ ಪ್ಲಾನ್‌ಗೆ ಸೊನ್ನೆ. ಕಮ್ಮಿಯಾದ ಒಂದೂವರೆ ಮಾರ್ಕ್‌ನಲ್ಲಿ ಅರ್ಧ ಹೋಗಿದ್ದು ಈ ಕಾರಣಕ್ಕೆ: ಜನವರಿಯಲ್ಲಿ ಒಬ್ಬರು ಕನ್ನಡದ ನೋಟಿಸ್ ಓದಿ ನಮ್ಮ ಕಂಪನಿ ಹೆಸ್ರು ತೆಗೀರಿ ಅಂತ ಮೇಲ್ ಹಾಕಿದ್ರು, ನಮ್ಮ ಕಡೆ ಅವತ್ತೇ ತೆಗೆದ್ವಿ, ಟೂಲ್‌ನವ್ರ ಸರ್ವರ್‌ನಿಂದ ತೆಗೆಸೋಕೆ 11 ದಿನ ಹಿಡೀತು, ಮೂರು ಸಲ ನೆನಪಿಸಬೇಕಾಯ್ತು. ಜೂನ್‌ಗೆ ರಿನ್ಯೂವಲ್ ಇದೆ, ಡಿಲೀಟ್ ಮಾಡೋ ಬಟನ್ ನಮ್ಮ ಡ್ಯಾಶ್‌ಬೋರ್ಡ್‌ನಲ್ಲೇ ಕೊಟ್ರೆ ಮಾತ್ರ ಸೈನ್ ಮಾಡ್ತೀವಿ ಅಂತ ಬರೆದಿದೀನಿ. ಇನ್ನೂ ಉತ್ತರ ಬಂದಿಲ್ಲ.