ಪಿಲ್ಲರ್ ಡ್ರಿಲ್: ಯಂತ್ರ ಗಟ್ಟಿ, ಆದರೆ ಕಳಚಿದ ಟೇಬಲ್ ಮತ್ತೆ ಸಲೀಸಾಗಿ ಕೂರಲಿಲ್ಲ

ಮರಗೆಲಸಕ್ಕೆಂದೇ ತಗೊಂಡ ಪಿಲ್ಲರ್ ಡ್ರಿಲ್ ಇದು, ಅಂದರೆ ಕಂಬಕ್ಕೆ ಕೂರಿಸಿದ ತೂತು ಕೊರೆಯುವ ಯಂತ್ರ. ನೆಲದ ಮೇಲೆ ನಿಲ್ಲುವ ಮಾದರಿ, 16 ಮಿ.ಮೀ. ಚಕ್, ಬೆಲ್ಟ್ ಬದಲಿಸಿ ವೇಗ ಹೊಂದಿಸುವಂಥದ್ದು. ಕೆಲವು ವರ್ಷಗಳಿಂದ ಹೆಚ್ಚುಕಡಿಮೆ ದಿನಾ ಓಡುತ್ತಿದೆ. ಕಪಾಟಿನ ಬಾಗಿಲಿಗೆ 35 ಮಿ.ಮೀ. ಹಿಂಜ್ ಗುಳಿ, ಡೋವೆಲ್ ತೂತು, ದಪ್ಪ ಹಲಗೆಯಲ್ಲಿ ನೇರ ರಂಧ್ರ, ಎಲ್ಲಾ ಇದರಲ್ಲೇ. ಮೋಟರ್ ಬಗ್ಗೆ ಒಂದು ದೂರೂ ಇಲ್ಲ. ಚಕ್ ಈಗಲೂ ಬಿಟ್ ಅನ್ನು ಅಲುಗಾಡದಂತೆ ಹಿಡಿಯುತ್ತದೆ.

ಕೊರೆಯುವ ಮರ ಇಡುವ ಟೇಬಲ್ಲನ್ನು ಕಂಬದ ಮೇಲೆ ಏರಿಸಿ ಇಳಿಸುವ ವ್ಯವಸ್ಥೆ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು. ಹೊಸದರಲ್ಲಿ ಹ್ಯಾಂಡಲ್ ಎರಡು ಬೆರಳಲ್ಲೇ ತಿರುಗುತ್ತಿತ್ತು. ಬರಬರುತ್ತಾ ಬಿಗಿಯಾಯಿತು. ಕಂಬಕ್ಕೆ ಹಚ್ಚಿದ ಎಣ್ಣೆಗೆ ಮರದ ನುಣ್ಣನೆ ಪುಡಿ ಸೇರಿದರೆ ಕಪ್ಪು ಅಂಟಾಗುತ್ತದೆ. ಅದು ರ್ಯಾಕ್‌ನ (ಹ್ಯಾಂಡಲಿನ ಗೇರು ಹತ್ತಿ ಇಳಿಯುವ ಹಲ್ಲಿನ ಪಟ್ಟಿ) ಹಲ್ಲುಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಪೂರ್ತಿ ಕಳಚಿ ತೊಳೆಯದೆ ಬೇರೆ ದಾರಿ ಇರಲಿಲ್ಲ.

ಕಳಚುವುದು ಸುಲಭವೇ, ಇಬ್ಬರಿದ್ದರೆ. ಪ್ಲಗ್ ತೆಗೆದು, ಮೇಲಿನ ಮೋಟರ್ ತಲೆಯನ್ನು ಇಬ್ಬರೂ ಹಿಡಿದು ಎತ್ತಿಟ್ಟು, ಕಾಲರ್ (ರ್ಯಾಕನ್ನು ಮೇಲೆ ತಡೆಯುವ ಬಳೆ) ಸಡಿಲಿಸಿದರೆ ಬ್ರಾಕೆಟ್ಟೂ (ಟೇಬಲ್ಲನ್ನು ಕಂಬಕ್ಕೆ ಹಿಡಿದಿಡುವ ಭಾಗ) ರ್ಯಾಕೂ ಮೇಲಿನಿಂದ ಬರುತ್ತವೆ. ತಲೆ ತುಂಬಾ ಭಾರ. ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಣಗಿಸಿ, ವಾಪಸ್ ಹಾಕಲು ಹೋದರೆ ಬ್ರಾಕೆಟ್ ಕಂಬದ ತುದಿಯಲ್ಲೇ ಕಚ್ಚಿಕೊಂಡಿತು. ಅಂಟೆಲ್ಲ ಹೋಗಿ ಎಲ್ಲವೂ ಫಳಫಳ ಹೊಳೆಯುತ್ತಿದೆ, ಆದರೂ ಒಳಗೆ ಇಳಿಯುತ್ತಿಲ್ಲ!

ಇಂಥ ಹೊತ್ತಲ್ಲಿ ಸುತ್ತಿಗೆ ಕಡೆ ಕೈ ಹೋಗುತ್ತದೆ. ದಯವಿಟ್ಟು ಬೇಡ. ಬ್ರಾಕೆಟ್ ಎರಕದ ಕಬ್ಬಿಣ. ಬಾಗುವುದಿಲ್ಲ, ನೇರ ಸೀಳುತ್ತದೆ.

ಕಾರಣ ಕಂಬದ ಮೇಲ್ತುದಿಯಲ್ಲಿತ್ತು. ಮೋಟರ್ ತಲೆಯನ್ನು ಅಲ್ಲಾಡದಂತೆ ಹಿಡಿಯುವ ಸ್ಕ್ರೂಗಳು ನೇರವಾಗಿ ಕಂಬಕ್ಕೇ ಒತ್ತುತ್ತವೆ. ಸ್ಕ್ರೂ ಒತ್ತಿದ ಕಡೆ ಸಣ್ಣ ಗುಳಿ ಬೀಳುತ್ತದೆ, ಆ ಗುಳಿಯ ಸುತ್ತ ಲೋಹ ಉಬ್ಬಿ ಅಂಚು ಕಟ್ಟುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಉಗುರನ್ನು ಮೇಲಿಂದ ಕೆಳಗೆ ಎಳೆದರೆ ಟಕ್ ಅಂತ ತಾಗುತ್ತದೆ. ಬ್ರಾಕೆಟ್ ಸರಿಯಾಗಿ ಅದೇ ಜಾಗ ದಾಟಿಕೊಂಡು ಇಳಿಯಬೇಕು, ಅದಕ್ಕೇ ಸಿಕ್ಕಿಬೀಳುವುದು. ಕಂಬಕ್ಕೆ ಮಾರ್ಕರ್ ಬಳಿದು ಬ್ರಾಕೆಟ್ಟನ್ನು ಮೆಲ್ಲಗೆ ತಾಗಿಸಿ ತಿರುಗಿಸಿ ನೋಡಿ. ಬಣ್ಣ ಎಲ್ಲಿ ಕೆರೆದುಹೋಗಿದೆಯೋ ಅಲ್ಲೇ ಉಬ್ಬು. ನುಣುಪು ಅರವನ್ನು ಕಂಬಕ್ಕೆ ಚಪ್ಪಟೆಯಾಗಿಟ್ಟು ಆ ಉಬ್ಬನ್ನಷ್ಟೇ ತೆಗೆದೆ, ಗುಳಿ ಹಾಗೇ ಇರಲಿ ಅಂತ ಬಿಟ್ಟೆ. ಆಮೇಲೆ ಎಮರಿ ಕಾಗದದ ಪಟ್ಟಿಯನ್ನು ಕಂಬದ ಸುತ್ತ ಹಾಕಿ ಉಜ್ಜಿದೆ. ಉಗುರು ಈಗ ತಡೆಯಿಲ್ಲದೆ ಜಾರಿತು. ಬ್ರಾಕೆಟ್ಟಿನ ಒಳಮೈಯಲ್ಲೂ ಫ್ಯಾಕ್ಟರಿಯ ಪೇಂಟ್ ಹನಿಯೊಂದು ಗಟ್ಟಿಯಾಗಿ ಕೂತಿತ್ತು. ಅದನ್ನೂ ಕೆರೆದು ತೆಗೆಯಬೇಕಾಯಿತು.

ಇಷ್ಟಾದ ಮೇಲೂ ಒಂದು ತೊಡಕಿದೆ. ಅಗಲವಾದ ಡ್ರಾಯರನ್ನು ಒಂದೇ ಮೂಲೆ ಹಿಡಿದು ತಳ್ಳಿದರೆ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ ಅಲ್ವಾ, ಇದೂ ಹಾಗೇ. ಟೇಬಲ್ಲಿನ ಭಾರವೆಲ್ಲ ಒಂದು ಬದಿಗೆ ತೂಗುತ್ತಿರುತ್ತದೆ. ಶುರುವಿನಲ್ಲಿ ಬ್ರಾಕೆಟ್ ಕಂಬಕ್ಕೆ ಸ್ವಲ್ಪವೇ ಹೊಕ್ಕಿರುವುದರಿಂದ ಚೂರು ವಾಲಿದರೂ ಹಿಡಿದುಕೊಳ್ಳುತ್ತದೆ. ಮೊದಲು ಟೇಬಲ್ಲಿನ ಹಲಗೆಯನ್ನು ಬ್ರಾಕೆಟ್ಟಿನಿಂದ ಬಿಚ್ಚಿಡಿ. ಬರೀ ಬ್ರಾಕೆಟ್ ಹಗುರ, ನೇರ ಇಳಿಸಬಹುದು. ಲಾಕ್ ಹ್ಯಾಂಡಲ್ ಪೂರ್ತಿ ಸಡಿಲವಾಗಿದೆಯೇ ನೋಡಿಕೊಳ್ಳಿ. ಬೇಕಾದರೆ ಬ್ರಾಕೆಟ್ಟಿನ ಸೀಳಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಒಂದು ಎಳೆಯಷ್ಟು ಅಗಲಿಸಬಹುದು, ಅದಕ್ಕಿಂತ ಜಾಸ್ತಿ ಬೇಡ.

ಇನ್ನು ರ್ಯಾಕ್. ಇದನ್ನು ಬ್ರಾಕೆಟ್ಟಿನ ಒಳಗಿನ ಕಾಲುವೆಯಲ್ಲಿಟ್ಟು, ಹಲ್ಲಿಗೆ ಹಲ್ಲು ಕೂರಿಸಿ, ಎರಡನ್ನೂ ಜೊತೆಯಲ್ಲೇ ಕಂಬಕ್ಕೆ ಇಳಿಸಬೇಕು. ಬ್ರಾಕೆಟ್ ಮೊದಲು ಹಾಕಿ ಆಮೇಲೆ ರ್ಯಾಕ್ ತುರುಕುತ್ತೇನೆ ಅಂದರೆ ಸುಮ್ನೆ ಬೆರಳು ಜಜ್ಜಿಕೊಳ್ಳುವ ಕೆಲಸ. ಕೆಲವು ರ್ಯಾಕ್‌ಗಳಲ್ಲಿ ಹಲ್ಲು ಒಂದು ತುದಿಗೆ ಹತ್ತಿರ, ಇನ್ನೊಂದು ತುದಿಯಿಂದ ದೂರ ಇರುತ್ತದೆ. ಅದಕ್ಕೆ ಕಳಚುವಾಗಲೇ ಮೇಲಿನ ತುದಿಗೆ ಒಂದು ಗುರುತು ಹಾಕಿಟ್ಟುಕೊಳ್ಳಿ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಕಾಲರ್. ರ್ಯಾಕ್‌ನ ಕೆಳತುದಿ ಬುಡದ ಇಳಿಜಾರು ಅಂಚಿನಲ್ಲಿ ಕೂರುತ್ತದೆ, ಮೇಲ್ತುದಿಯನ್ನು ಕಾಲರ್ ತಡೆದಿರುತ್ತದೆ. ತಡೆದಿರಬೇಕು ಅಷ್ಟೇ, ಅಮುಕಬಾರದು. ಟೇಬಲ್ಲನ್ನು ಕಂಬದ ಸುತ್ತ ತಿರುಗಿಸಿದಾಗ ರ್ಯಾಕೂ ಜೊತೆಗೆ ಸರಿಯಬೇಕಲ್ಲ! ಕಾಲರ್ ಅಮುಕಿದರೆ ರ್ಯಾಕ್ ನಿಂತಲ್ಲೇ ನಿಲ್ಲುತ್ತದೆ, ಗೇರಿನ ಹಲ್ಲು ಓರೆಯಾಗಿ ತಿಕ್ಕುತ್ತದೆ, ಹ್ಯಾಂಡಲ್ ಕಲ್ಲಿನಂತಾಗುತ್ತದೆ. ನಾನು ಕಾಲರನ್ನು ರ್ಯಾಕ್‌ಗೆ ತಾಗುವವರೆಗೆ ಇಳಿಸಿ, ದಪ್ಪ ಕಾಗದದಷ್ಟು ಮೇಲೆತ್ತಿ, ಸ್ಕ್ರೂ ಹದವಾಗಿ ಬಿಗಿದೆ. ಟೇಬಲ್ಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಎಲ್ಲ ಕಡೆ ನಿಲ್ಲಿಸಿ ಏರಿಸಿ ಇಳಿಸಿ ನೋಡಿದೆ. ಎಲ್ಲೂ ತಡೆಯಲಿಲ್ಲ.

ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಬಿಡಿಭಾಗಗಳ ಚಿತ್ರವಿದೆ, ಕಾಲರ್‌ಗೆ ನಂಬರ್ ಇದೆ, ಎಷ್ಟು ಬಿಗಿಯಬೇಕು ಅಂತಿಲ್ಲ. ಇಷ್ಟು ಒಳ್ಳೆಯ ಯಂತ್ರ ಮಾಡುವವರು ಎರಡು ಸಾಲು ಬರೆಯಬಹುದಿತ್ತು. ತಲೆಯ ಸ್ಕ್ರೂಗಳ ತುದಿಗೆ ಹಿತ್ತಾಳೆಯ ಚೂರೊಂದನ್ನು ಕೊಟ್ಟಿದ್ದರೆ ಕಂಬಕ್ಕೆ ಗಾಯವೂ ಆಗುತ್ತಿರಲಿಲ್ಲ.

ಜೋಡಿಸಿದ ಮೇಲೆ ಟೇಬಲ್ ಮಟ್ಟ ನೋಡುವುದನ್ನು ಮರೆಯಬೇಡಿ. ಮೊದಲು ಚಕ್‌ಗೆ ಬಗ್ಗಿಸಿದ ಗಟ್ಟಿ ತಂತಿ ಸಿಕ್ಕಿಸಿ. ತುದಿ ಟೇಬಲ್ಲಿಗೆ ತಾಗುವಂತಿಟ್ಟು, ಪ್ಲಗ್ ತೆಗೆದೇ, ಕೈಯಲ್ಲೇ ಚಕ್ ತಿರುಗಿಸಿ. ಎಡಕ್ಕೂ ಬಲಕ್ಕೂ ಒಂದೇ ಥರ ತಾಗಿದರೆ ಸರಿ, ಇಲ್ಲದಿದ್ದರೆ ಟೇಬಲ್ ವಾಲಿಸುವ ಬೋಲ್ಟ್ ಸಡಿಲಿಸಿ ಹೊಂದಿಸಿ.

ಈಗ ಕಂಬಕ್ಕೆ ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದೇನೆ. ಗಟ್ಟಿ ಮೇಣ ತೆಳ್ಳಗೆ ಸವರಿ ಬಟ್ಟೆಯಿಂದ ಉಜ್ಜುತ್ತೇನೆ, ರ್ಯಾಕ್‌ನ ಹಲ್ಲಿಗೂ ಅದೇ. ಪುಡಿ ಅಂಟುವುದಿಲ್ಲ, ಬ್ರಷ್ ಆಡಿಸಿದರೆ ಉದುರುತ್ತದೆ. ಸಿಲಿಕಾನ್ ಸ್ಪ್ರೇ ಮಾತ್ರ ಬೇಡ. ಅದು ಮರಕ್ಕೆ ತಾಗಿದರೆ ಪಾಲಿಶ್ ಆ ಜಾಗದಲ್ಲಿ ಹಿಡಿಯುವುದಿಲ್ಲ, ಕಣ್ಣುಕಣ್ಣಾಗಿ ಬಿಟ್ಟುಕೊಳ್ಳುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಆ ಪುಸ್ತಕಕ್ಕೂ ಸ್ಕ್ರೂಗಳಿಗೂ. ಈ ಥರದ್ದು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೋಟರ್ ಸದ್ದು ಕೇಳಿ ಒಪ್ಪಿಕೊಳ್ಳಬೇಡಿ. ಟೇಬಲ್ಲನ್ನು ಬುಡದಿಂದ ತುದಿಯವರೆಗೆ ನೀವೇ ಏರಿಸಿ, ಇಳಿಸಿ, ಸುತ್ತ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಹೆದರಬೇಕಿಲ್ಲ, ಸರಿಯಾಗುತ್ತದೆ. ಬ್ರಾಕೆಟ್ಟಿನ ಸೀಳಿನ ಹತ್ತಿರ ಬಿರುಕಿದ್ದರೆ ಮಾತ್ರ ತಗೊಳ್ಳಬೇಡಿ.