ಜೋಧಪುರದ ಕಲ್ಲಿನ ಮನೆಯಲ್ಲಿ ಏಳು ಬೇಸಿಗೆ

ಈ ಮನೆಗೆ ಬರುವ ಮೊದಲು ನಾಲ್ಕು ವರ್ಷ ನಾವು ಜೋಧಪುರದಲ್ಲೇ ಕಾಂಕ್ರೀಟ್ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿದ್ದೆವು. ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೆ ಆಗಷ್ಟೇ ಒಲೆಯಿಂದಿಳಿಸಿದ ರೊಟ್ಟಿ ಹಂಚು. 2016ರ ಮೇ 19ರಂದು ಇದೇ ಸೀಮೆಯ ಫಲೋದಿ ಪಟ್ಟಣದಲ್ಲಿ 51 ಡಿಗ್ರಿ ದಾಖಲಾದ ಆ ವಾರ ಎರಡು ಏಸಿಗಳೂ ಸೋತವು. ಕಟ್ಟಿದರೆ ಈ ನೆಲಕ್ಕೆ ಒಗ್ಗುವ ಮನೆಯನ್ನೇ ಕಟ್ಟಬೇಕೆಂದು ಆಗ ನಿಶ್ಚಯಿಸಿದೆವು. 2018ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂದೆವು.

ಗೋಡೆಗಳು ಒಂದೂವರೆ ಅಡಿ ದಪ್ಪ. 1943ರಲ್ಲಿ ಮುಗಿದ ಉಮೈದ್ ಭವನ ಅರಮನೆಗೆ ಬಳಸಿದಂಥ ಛಿತ್ತರ್ ಮರಳುಗಲ್ಲು, ಒಳಗೆ ಸುಣ್ಣದ ಗಾರೆ. ಚಾವಣಿಗೆ ಕಲ್ಲಿನ ಪಟ್ಟಿಗಳನ್ನು ಹಾಸಿ, ಮೇಲೆ ಮಣ್ಣಿನ ಮಡಕೆಗಳನ್ನು ಬೋರಲು ಹಾಕಿ, ಗಾರೆ ತುಂಬಿ, ಕೊನೆಗೆ ಬಿಳಿ ಟೈಲ್ಸ್ ಚೂರುಗಳನ್ನು ಕೂರಿಸಿದ್ದಾರೆ. ನಡುವೆ ತೆರೆದ ಅಂಗಳ, ಅದರ ಕೆಳಗೆ ಟಾಂಕಾ, ಅಂದರೆ ಮಳೆನೀರು ಕೂಡಿಡುವ ನೆಲದಡಿಯ ತೊಟ್ಟಿ.

ಹೊರಗೆ 44 ಡಿಗ್ರಿ ಇರುವಾಗ ಮಧ್ಯಾಹ್ನ ಮೂರಕ್ಕೆ ನಮ್ಮ ಪಡಸಾಲೆಯ ಮಾಪಕ 33 ತೋರಿಸುತ್ತದೆ. ಆದರೆ ಅದು ತಾನಾಗಿ ಆಗುವುದಿಲ್ಲ. ಕಲ್ಲು ಹಗಲಿನ ಕಾವನ್ನು ಮೆಲ್ಲಗೆ ಹೀರಿಕೊಂಡು ರಾತ್ರಿ ಮೆಲ್ಲಗೆ ಬಿಡುತ್ತದೆ. ಆ ಕಾವು ಹೊರಹೋಗಲು ರಾತ್ರಿ ಎಲ್ಲ ಕಿಟಕಿ, ಗವಾಕ್ಷಿಗಳನ್ನು ತೆರೆದಿಡಬೇಕು. ಬೆಳಿಗ್ಗೆ ಏಳರೊಳಗೆ ಎಲ್ಲವನ್ನೂ ಮುಚ್ಚಬೇಕು. ಮೊದಲ ಬೇಸಿಗೆಯಲ್ಲಿ ನಾವು ಇದನ್ನು ಅರಿಯದೆ, ಗಾಳಿಯಾಡಲೆಂದು ಹಗಲಲ್ಲಿ ಕಿಟಕಿ ತೆರೆದಿಟ್ಟು ಒದ್ದಾಡಿದೆವು. ತಪ್ಪು ತಿದ್ದಿದವಳು ಬಾಗಲಕೋಟೆಯಿಂದ ಬಂದ ಅವ್ವ. "ನಮ್ಮ ಮಾಳಿಗೆ ಮನೆಯಲ್ಲಿ ಬಿಸಿಲೇರುವ ಮೊದಲೇ ಕದ ಹಾಕುತ್ತಿದ್ದೆವಲ್ಲ, ಮರೆತೆಯಾ?" ಎಂದಳು. ಅಂದಿನಿಂದ ಬೆಳಗಿನ ಕಿಟಕಿಗಳ ಸುತ್ತು ಅವಳದೇ. ಒಂದು ವಾರ ಮನೆಗೆ ಬೀಗ ಹಾಕಿ ಹೋಗಿ ಬಂದರೆ ಒಳಗೆಲ್ಲ ಕಾವು ತುಂಬಿರುತ್ತದೆ. ಮತ್ತೆ ಹದಕ್ಕೆ ಬರಲು ಎರಡು ಮೂರು ರಾತ್ರಿ ಬೇಕು.

ದಕ್ಷಿಣದ ಸಜ್ಜಾ ಬಗ್ಗೆ ನನಗೆ ವಿಶೇಷ ಅಕ್ಕರೆ. ಜೂನ್ ಮಧ್ಯಾಹ್ನದ ಸೂರ್ಯ ಇಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಕಿಟಕಿಗೆ ಪೂರ್ತಿ ನೆರಳು. ಡಿಸೆಂಬರ್‌ನಲ್ಲಿ ಅದೇ ಸೂರ್ಯ 40 ಡಿಗ್ರಿಯಷ್ಟೇ ಮೇಲೇರಿ, ಬಿಸಿಲನ್ನು ಪಡಸಾಲೆಯ ಒಳಗಿನವರೆಗೆ ಹಾಸುತ್ತಾನೆ. ಚಳಿಗಾಲದಲ್ಲಿ ಅವ್ವ ಅಕ್ಕಿ ಆರಿಸಲು ಕೂರುವುದು ಅಲ್ಲಿಯೇ.

ಟಾಂಕಾ ಇಲ್ಲದಿದ್ದರೆ ಈ ಮನೆ ನನ್ನ ಪಾಲಿಗೆ ಅರ್ಧ ಮನೆ. ಜೋಧಪುರದ ವಾರ್ಷಿಕ ಮಳೆ ಸುಮಾರು 360 ಮಿಲಿಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ 110 ಚದರ ಮೀಟರ್ ಚಾವಣಿಯಿಂದ, ಪೋಲು ಕಳೆದರೂ, ಒಳ್ಳೆಯ ವರ್ಷದಲ್ಲಿ 30,000 ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ಅದೇ ನೀರು. ಮಳೆಗಾಲಕ್ಕೆ ಮುಂಚೆ ಚಾವಣಿ ತೊಳೆಯಬೇಕು, ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಧೂಳುಗಾಳಿಯ ಊರಿನಲ್ಲಿ ಇದರಲ್ಲಿ ಸೋಮಾರಿತನ ಸಲ್ಲದು. ಮೇ ತಿಂಗಳಲ್ಲೂ ಆ ನೀರು ತಣ್ಣಗಿರುತ್ತದೆ. ಹಳೆಯ ಮನೆಯ ನಲ್ಲಿ ನೀರು ನೆನಪಾದಾಗಲೆಲ್ಲ ಒಂದು ಲೋಟ ಹೆಚ್ಚಿಗೆ ಕುಡಿಯುತ್ತೇನೆ.

ಕೊರತೆಗಳೂ ಇವೆ. ಒಣ ಬೇಸಿಗೆಯಲ್ಲಿ ಲಾವಂಚದ ಬೇರಿನ ಕೂಲರ್ ಒಂದೇ ಸಾಕು, ಇಡೀ ಮನೆ ತಂಪು, ಘಮ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿಕೊಂಡಾಗ ಅದರಿಂದ ಅಂಟು ಸೆಕೆಯಷ್ಟೇ ಲಾಭ. ಆಗ ಮಲಗುವ ಕೋಣೆಗೆ ಏಸಿ ಬೇಕೇ ಬೇಕು. ಬೇಡವೆನ್ನುವವರ ಮಾತು ನಂಬಬೇಡಿ. ಮೇ ಕೊನೆಯ ಕೆಲವು ರಾತ್ರಿ ಒಳಗಿಗಿಂತ ಚಾವಣಿಯ ಮೇಲೆ ಮಲಗುವುದೇ ಸುಖ. ಆಂಧಿ, ಅಂದರೆ ಧೂಳಿನ ಬಿರುಗಾಳಿ ಎದ್ದ ದಿನ ಜಾಲಂಧ್ರಗಳ ಮೂಲಕ ಹಿಟ್ಟಿನಂಥ ಧೂಳು ಬರುತ್ತದೆ. ಒಳಗೆ ಮರದ ಬಾಗಿಲುಗಳನ್ನು ನಾವು ನಂತರ ಕೂರಿಸಿದೆವು.

ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಪಶ್ಚಿಮದ ಗೋಡೆ. ನಾನು ಊರಿಗೆ ಹೋಗಿದ್ದಾಗ, ಬೇಗ ಮುಗಿಯಲೆಂದು ಗುತ್ತಿಗೆದಾರರು ಅದರ ಒಳಮೈಗೆ ಸಿಮೆಂಟ್ ಬಳಿಸಿದರು. ಸುಣ್ಣವಾದರೆ ಕಲ್ಲಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ತಡೆಹಿಡಿಯಿತು. ಮೂರನೆಯ ವರ್ಷಕ್ಕೆ ಉಪ್ಪು ಹೊಮ್ಮಿ ಗೋಡೆ ಹೊಪ್ಪಳೆಯೆದ್ದಿತು. ಎಲ್ಲವನ್ನೂ ಕೆತ್ತಿಸಿ ಮತ್ತೆ ಸುಣ್ಣ ಮೆತ್ತಿಸಿದೆ. ಸುಣ್ಣದ ಕೆಲಸ ಬಲ್ಲ ಗೌಂಡಿಯನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಕಟ್ಟಿಸುವವರು ಕಲ್ಲು ತರಿಸುವ ಮೊದಲೇ ಅಂಥವರನ್ನು ಗೊತ್ತು ಮಾಡಿಕೊಳ್ಳಿ, ಗಾರೆ ಮೆತ್ತುವ ದಿನಗಳಲ್ಲಿ ಊರಲ್ಲೇ ಇರಿ.

ಆ ಗೋಡೆಯ ಹೊರಗೆ ಎರಡು ಬನ್ನಿ ಗಿಡ ನೆಟ್ಟಿದ್ದೇವೆ. ಇಲ್ಲಿಯವರು ಖೇಜಡಿ ಎನ್ನುತ್ತಾರೆ. ಅದು ನಿಧಾನವಾಗಿ ಬೆಳೆಯುವ ಮರ. ಸದ್ಯಕ್ಕೆ ನನ್ನ ಭುಜದೆತ್ತರ. ಸಂಜೆಯ ಬಿಸಿಲು ಇನ್ನೂ ನೇರ ಗೋಡೆಗೇ ಬೀಳುತ್ತಿದೆ.